ಎಪ್ಪತ್ತು ಕಿಲೋ ಬಾಟಲಿ, ಎಂಟು ಸಾವಿರ ಸಾಲ

ಮಕ್ಕಳೇ, ಈ ಸಲದ ಸಂಚಿಕೆಯಲ್ಲಿ ಪುರಂದರದಾಸರು, ಕಿತ್ತೂರು ಚೆನ್ನಮ್ಮ, ವಿಶ್ವೇಶ್ವರಯ್ಯ ಯಾರೂ ಇಲ್ಲ. ಬಂದಿರುವವನು ಪೂರ್ವ ಆಫ್ರಿಕಾದ ಉಗಾಂಡಾದ ಹುಡುಗ, ಹೆಸರು ಆಂಡ್ರ್ಯೂ ಮುಪುಯಾ. ಕನ್ನಡ ಕೂಟದ ಸಂಚಿಕೆಯಲ್ಲಿ ಅವನಿಗೇನು ಕೆಲಸ ಎಂದು ಕೇಳುವ ಮೊದಲು ಇಷ್ಟು ತಿಳಿದಿರಲಿ: ಹದಿನಾರನೆಯ ವಯಸ್ಸಿಗೆ ಅವನು ಕೈಹಾಕಿದ ಕೆಲಸ ನಿಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಕಾಗದ ಮಡಚಿ, ಅಂಟು ಹಚ್ಚಿ, ಚೀಲ ಮಾಡುವುದು. (ಮುಪುಯಾ ಈಗ ಮೂವತ್ತು ದಾಟಿದವರು. ನಾನು ಹೇಳುತ್ತಿರುವುದು ಹುಡುಗನ ಕಥೆಯಾದ್ದರಿಂದ ‘ಅವನು’ ಅನ್ನುತ್ತೇನೆ, ದೊಡ್ಡವರು ಕ್ಷಮಿಸಬೇಕು.)

ಉಗಾಂಡಾದ ರಾಜಧಾನಿ ಕಂಪಾಲಾ ಗುಡ್ಡಗಳ ಮೇಲೆ ಹರಡಿರುವ ಊರು. ವಿಕ್ಟೋರಿಯಾ ಸರೋವರ ಪಕ್ಕದಲ್ಲೇ ಇದೆ, ಮಳೆ ಜೋರು. ಅಲ್ಲಿಯ ಬೀದಿಬದಿಯಲ್ಲಿ ‘ರೋಲೆಕ್ಸ್’ ಎಂಬ ತಿಂಡಿ ಸಿಗುತ್ತದೆ. ಕೈಗಡಿಯಾರವಲ್ಲ! ಬಿಸಿ ಚಪಾತಿಯ ಮೇಲೆ ಆಮ್ಲೆಟ್ ಇಟ್ಟು ಸುತ್ತಿ ಕೊಡುವುದು. ಚಪಾತಿ ಅಲ್ಲಿಗೆ ಹೋಗಿದ್ದು ಭಾರತದಿಂದ ಹೋದವರ ಜೊತೆಗೆ. ಆ ರೋಲೆಕ್ಸ್ ಇರಲಿ, ತರಕಾರಿ, ಸಕ್ಕರೆ, ಹಿಟ್ಟು ಇರಲಿ, ಕೈಗೆ ಬರುತ್ತಿದ್ದುದು ತೆಳ್ಳನೆಯ ಪ್ಲಾಸ್ಟಿಕ್ ಚೀಲದಲ್ಲಿ. ಅಲ್ಲಿಯವರು ಅದನ್ನು ಕವೇರಾ ಅನ್ನುತ್ತಾರೆ. ಹತ್ತು ನಿಮಿಷ ಬಳಸಿ ಎಸೆದ ಕವೇರಾ ಮಳೆನೀರಿನ ಜೊತೆ ಇಳಿದು ಚರಂಡಿಯನ್ನು ಮುಚ್ಚಿಬಿಡುತ್ತದೆ, ಹೊಲದ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ, ಮೇಯುವ ದನದ ಹೊಟ್ಟೆಗೂ ಹೋಗುತ್ತದೆ. 2007ರಲ್ಲಿ ಉಗಾಂಡಾ ಸರ್ಕಾರ 30 ಮೈಕ್ರಾನ್‌ಗಿಂತ ತೆಳ್ಳಗಿನ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸುವುದಾಗಿ ಪ್ರಕಟಿಸಿತು.

ಮರುವರ್ಷ ಆಂಡ್ರ್ಯೂ ಇನ್ನೂ ಹೈಸ್ಕೂಲಿನಲ್ಲಿದ್ದ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕೆಲಸ ಹೋಗಿತ್ತು. ಹೇಗೋ ಶಾಲೆಯ ಫೀಸು ಕಟ್ಟುತ್ತಿದ್ದರು, ಅದಕ್ಕಿಂತ ಹೆಚ್ಚು ಅವರಿಂದಾಗುತ್ತಿರಲಿಲ್ಲ. ಉಳಿದ ಖರ್ಚನ್ನು ಹುಡುಗನೇ ನೋಡಿಕೊಳ್ಳಬೇಕಿತ್ತು. ಕವೇರಾ ನಿಂತರೆ ಅಂಗಡಿಯವರು ಸಾಮಾನು ಯಾವುದರಲ್ಲಿ ಕಟ್ಟಿಕೊಡುತ್ತಾರೆ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು.

ಯೋಚನೆ ಬಂದ ಕೂಡಲೇ ಅವನು ಕಾಗದ ಕೊಳ್ಳಲು ಓಡಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮೊದಲು ಕಂಪಾಲಾದ ಗೂಡಂಗಡಿ, ದಿನಸಿ ಅಂಗಡಿ, ಸೂಪರ್‌ಮಾರ್ಕೆಟ್ಟುಗಳನ್ನು ಸುತ್ತಿದ. ಕಾಗದದ ಚೀಲ ಕೊಟ್ಟರೆ ತೆಗೆದುಕೊಳ್ಳುವವರು ಇದ್ದಾರೆಯೇ ಎಂದು ವಿಚಾರಿಸಿದ. ಇದ್ದಾರೆ ಎಂದು ಖಾತ್ರಿಯಾದ ಮೇಲೆ ದುಡ್ಡಿನ ಲೆಕ್ಕಕ್ಕೆ ಕುಳಿತ.

ಲೆಕ್ಕ ನೀವೂ ಮಾಡಿ, ನಾಲ್ಕನೆಯ ಕ್ಲಾಸಿನವರಿಗೂ ಆಗುವಂಥದ್ದು. ಶುರುಮಾಡಲು ಬೇಕಾದದ್ದು 36,000 ಉಗಾಂಡಾ ಶಿಲ್ಲಿಂಗ್. ಕೇಳಲು ದೊಡ್ಡ ಮೊತ್ತ, ಆದರೆ ಅವನ ಬಗ್ಗೆ ಬರೆದ ಪತ್ರಿಕೆಗಳು ಅದನ್ನು ಸುಮಾರು 14 ಡಾಲರ್ ಎಂದು ಲೆಕ್ಕ ಹಾಕಿದವು. ನಿಮ್ಮಲ್ಲಿ ಕೆಲವರ ಪಿಗ್ಗಿ ಬ್ಯಾಂಕಿನಲ್ಲಿ ಅಷ್ಟು ಇರಬಹುದು. ಅವನ ಜೇಬಿನಲ್ಲಿ ಇರಲಿಲ್ಲ. ಒಂದು ವಾರ ಊರು ಸುತ್ತಿ, ಜನ ಬಿಸಾಡಿದ ಪ್ಲಾಸ್ಟಿಕ್ ಬಾಟಲಿ ಆಯ್ದ. ಎಪ್ಪತ್ತು ಕಿಲೋ! ಒಂದು ಖಾಲಿ ಬಾಟಲಿ ಇಪ್ಪತ್ತು ಗ್ರಾಂ ತೂಗುತ್ತದೆ ಎಂದು ಹಿಡಿದರೂ ಮೂರೂವರೆ ಸಾವಿರ ಬಾಟಲಿ ಆಯಿತು, ದಿನಕ್ಕೆ ಐನೂರು. ಅದನ್ನು ಮರುಬಳಕೆಯವರಿಗೆ ಮಾರಿದಾಗ ಸಿಕ್ಕಿದ್ದು 28,000 ಶಿಲ್ಲಿಂಗ್, ಅಂದರೆ ಕಿಲೋಗೆ 400. ಇನ್ನೂ ಎಂಟು ಸಾವಿರ ಸಾಲದು. ಅದನ್ನು ಶಾಲೆಯ ಮೇಷ್ಟ್ರೊಬ್ಬರ ಹತ್ತಿರ ಸಾಲ ತಂದ.

ಹದಿನಾಲ್ಕು ಡಾಲರಿನಲ್ಲಿ ಕಂಪನಿ ಕಟ್ಟಿದ ಹುಡುಗ ಎಂದು ಎಲ್ಲರೂ ಬರೆಯುತ್ತಾರೆ. ನನಗೇನೋ ಆ ಹದಿನಾಲ್ಕರ ಬಗ್ಗೆ ಅಂಥ ಬೆರಗಿಲ್ಲ. ಬಾಟಲಿ ಆಯುವಾಗ ಸಹಪಾಠಿಗಳು ನೋಡಿಯಾರು ಎಂದು ನಾಚಿಕೊಂಡು ಮನೆಯಲ್ಲೇ ಕುಳಿತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇನ್ನು ಆ ಮೇಷ್ಟ್ರು. ಅಪ್ಪ ಅಮ್ಮನಿಗೇ ಕೆಲಸವಿಲ್ಲದ ಹುಡುಗನಿಗೆ, ಅದೂ ಚೀಲ ಮಾಡುತ್ತೇನೆ ಎನ್ನುವವನಿಗೆ ಸಾಲ ಕೊಡಲು ಧೈರ್ಯ ಬೇಕು. ಬಡತನದಿಂದ ಒಬ್ಬನೇ ಎದ್ದು ಬಂದ ಎಂದು ಹೇಳುವವರು ಆ ಎಂಟು ಸಾವಿರವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ.

ಮುಂದಿನದು ಬೇಗ ಹೇಳಿ ಮುಗಿಸಬಹುದು. 2010ರಲ್ಲಿ ಕಂಪನಿಯನ್ನು ನೋಂದಾಯಿಸಿದ. ಹೆಸರು ಉದ್ದ: ಯೂತ್ ಎಂಟರ್‌ಪ್ರೆನ್ಯೂರಿಯಲ್ ಲಿಂಕ್ ಇನ್ವೆಸ್ಟ್‌ಮೆಂಟ್ಸ್, ಚಿಕ್ಕದಾಗಿ ಯೆಲಿ. ಉಗಾಂಡಾದಲ್ಲಿ ನೋಂದಣಿಯಾದ ಮೊದಲ ಕಾಗದದ ಚೀಲದ ಕಂಪನಿ ಎಂದು ಅದನ್ನು ಪರಿಚಯಿಸುವುದುಂಟು. ಹೋಟೆಲು, ಅಂಗಡಿ, ಸೂಪರ್‌ಮಾರ್ಕೆಟ್, ಆಸ್ಪತ್ರೆಗಳಿಂದ ಆರ್ಡರ್ ಬಂತು. 2012ರಲ್ಲಿ ಆಂಡ್ರ್ಯೂಗೆ ಅಂಜಿಶಾ ಪ್ರಶಸ್ತಿಯ ಮೊದಲ ಬಹುಮಾನ ಸಿಕ್ಕಿತು, 30,000 ಡಾಲರ್. ಆಫ್ರಿಕಾದಲ್ಲಿ ಚಿಕ್ಕ ವಯಸ್ಸಿಗೇ ಉದ್ಯಮ ಕಟ್ಟುವವರಿಗೆಂದು ದಕ್ಷಿಣ ಆಫ್ರಿಕಾದ ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿ ಮತ್ತು ಮಾಸ್ಟರ್‌ಕಾರ್ಡ್ ಫೌಂಡೇಶನ್ ಸೇರಿ ಕೊಡುತ್ತಿದ್ದ ಬಹುಮಾನ ಅದು.

ಬಹುಮಾನದ ಹೊತ್ತಿಗೂ ಕೆಲಸ ನಡೆಯುತ್ತಿದ್ದುದು ಕೈಯಲ್ಲೇ. ಕತ್ತರಿಸುವುದು, ಮಡಚುವುದು, ಅಂಟಿಸುವುದು, ಒಣಗಿಸುವುದು. ಹದಿನೈದು ಜನರ ಆಸುಪಾಸು ಕೆಲಸಗಾರರು, ವಾರಕ್ಕೆ 20,000 ಚೀಲದವರೆಗೆ. ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಎಂದಿಟ್ಟುಕೊಂಡರೆ ಒಬ್ಬೊಬ್ಬರು ಎರಡು ನಿಮಿಷಕ್ಕೆ ಸುಮಾರು ಒಂದು ಚೀಲ ಮುಗಿಸಬೇಕು. ಸುಲಭವೆನಿಸಿದರೆ ಒಂದು ಹಾಳೆ ತಂದು ನೀವೇ ನೋಡಿ. ತಳದ ಮಡಿಕೆ ಸರಿಯಾಗಿ ಕೂರದಿದ್ದರೆ ಒಳಗಿಟ್ಟ ಸಕ್ಕರೆಯೆಲ್ಲ ನೆಲಕ್ಕೆ.

ನಮ್ಮೂರಿನಲ್ಲಿ ಈ ಕೈಚಳಕ ಮನೆಮನೆಯಲ್ಲಿತ್ತು. ದಿನಸಿ ಅಂಗಡಿಯಲ್ಲಿ ಬೇಳೆ, ಮೆಣಸಿನಕಾಯಿಯನ್ನು ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಮೇಲಿನಿಂದ ಇಳಿಬಿಟ್ಟ ದಾರದಲ್ಲಿ ಸರಸರನೆ ಸುತ್ತಿ ಕೊಡುತ್ತಿದ್ದರು. ಮೈದಾಹಿಟ್ಟು ಕುದಿಸಿ ಅಂಟು ಮಾಡಿ, ರದ್ದಿ ಪೇಪರಿನಲ್ಲಿ ಕವರ್ ಅಂಟಿಸಿ ಅಂಗಡಿಗೆ ಹಾಕಿ, ಮಕ್ಕಳ ಪುಸ್ತಕದ ಖರ್ಚು ತೂಗಿಸಿದ ತಾಯಂದಿರು ಎಷ್ಟೋ ಜನ. ಅವರಿಗೆ ಯಾರೂ ಬಹುಮಾನ ಕೊಡಲಿಲ್ಲ, ಪತ್ರಿಕೆಯಲ್ಲಿ ಫೋಟೋ ಬರಲಿಲ್ಲ. ಪ್ಲಾಸ್ಟಿಕ್ ಬಂತು, ಆ ಕೆಲಸ ಹೋಯಿತು. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ರಜೆಗೆ ಊರಿಗೆ ಹೋದಾಗ ಸಂತೆಯಲ್ಲಿ ಕಣ್ಣು ಹಾಯಿಸಿ, ಎಷ್ಟು ನಿಂತಿದೆ ಎಂದು ಕಾಣುತ್ತದೆ.

ಉಗಾಂಡಾದಲ್ಲೂ ಆದದ್ದು ಅದೇ. ಕಾನೂನು ಬಂತು, ಕವೇರಾ ಹೋಗಲಿಲ್ಲ. ಪಕ್ಕದ ರುವಾಂಡಾ 2008ರಲ್ಲೇ ಕಟ್ಟುನಿಟ್ಟು ಮಾಡಿತು. ಕೆನ್ಯಾ 2017ರಲ್ಲಿ ಜೈಲು ಶಿಕ್ಷೆಯನ್ನೂ ಸೇರಿಸಿ ನಿಷೇಧ ತಂದಿತು. ಉಗಾಂಡಾ ಮಾತ್ರ ಹಿಂದೆ ಮುಂದೆ ನೋಡುತ್ತಲೇ ಇತ್ತು. ಅಂದಮೇಲೆ ಆಂಡ್ರ್ಯೂ ಕಾಗದದ ಚೀಲ ಮಾರುತ್ತಿದ್ದುದು ಅದಕ್ಕಿಂತ ಅಗ್ಗದ ಪ್ಲಾಸ್ಟಿಕ್ ಇನ್ನೂ ಸಿಗುತ್ತಿದ್ದ ಪೇಟೆಯಲ್ಲಿ. ಸರ್ಕಾರ ಬಾಗಿಲು ತೆರೆದಿದ್ದರಿಂದ ಅವನಿಗೆ ಸುಲಭವಾಯಿತು ಎನ್ನುವವರಿಗೆ ಇದನ್ನು ಹೇಳಿ. ಬಾಗಿಲು ಅರ್ಧವೂ ತೆರೆದಿರಲಿಲ್ಲ.

ಈಗ ನಮ್ಮ ಕೂಟದ ವಿಷಯ. ರಾಜ್ಯೋತ್ಸವಕ್ಕೆ ಚುರುಮುರಿ, ಕಡಲೆಕಾಯಿ ಅಂಗಡಿ ಇಡುತ್ತೇವೆ. ಈ ವರ್ಷ ಪೊಟ್ಟಣದ ಜವಾಬ್ದಾರಿ ನಿಮ್ಮದು. ಹಳೆಯ ಪೇಪರ್ ಬೇಡ, ಮುದ್ರಣದ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಸಿದೆ. ಆಹಾರಕ್ಕೆಂದೇ ಬರುವ ಕಂದು ಕಾಗದ ತರಿಸಿದರಾಯಿತು. ಅಂಟಿಗೆ ಮೈದಾ ಹೇಗೆ ಕುದಿಸಬೇಕು ಎಂದು ಅಜ್ಜಿಯರಿಗೆ ಫೋನ್ ಮಾಡಿ ಕೇಳಿ, ಕನ್ನಡದಲ್ಲೇ ಕೇಳಿ. ಆದರೆ ಕತ್ತರಿ ಹಿಡಿಯುವ ಮೊದಲು ಅಡುಗೆ ಸಮಿತಿಯವರ ಹತ್ತಿರ ಹೋಗಿ, ಎಷ್ಟು ಬೇಕು, ಯಾವ ಅಳತೆಯದು ಬೇಕು ಎಂದು ಬರೆದುಕೊಂಡು ಬನ್ನಿ. ಕಾಗದ, ಕತ್ತರಿಯ ಖರ್ಚು ಕೂಟದ್ದು.