ಆರ್ಥರ್ ಅರ್ನೆಸ್ಟ್ ಮಾರ್ಗನ್

ಆರ್ಥರ್ ಅರ್ನೆಸ್ಟ್ ಮಾರ್ಗನ್ (೨೦ ಜೂನ್ ೧೮೭೮ – ೧೬ ನವೆಂಬರ್ ೧೯೭೫) ಅಮೆರಿಕದ ಎಂಜಿನಿಯರ್, ಶಿಕ್ಷಣತಜ್ಞ ಹಾಗೂ ಟೆನೆಸೀ ಕಣಿವೆ ಪ್ರಾಧಿಕಾರದ ಮೊದಲ ಅಧ್ಯಕ್ಷರು. ಒಹಾಯೊ ರಾಜ್ಯದ ಗ್ರೇಟ್ ಮಯಾಮಿ ನದಿಯ ಪ್ರವಾಹ ನಿಯಂತ್ರಣ ಯೋಜನೆಯು ಅವರ ಮುಖ್ಯ ಸಾಧನೆ. ನದಿಯೊಂದರಲ್ಲಿ ಬರಬಹುದಾದ ಗರಿಷ್ಠ ನೆರೆಯ ಅಂದಾಜನ್ನು ಶತಮಾನಗಳ ಹಿಂದಿನ ನೆರೆಗಳ ದಾಖಲೆಯೊಡನೆ ಹೋಲಿಸಿ ನೋಡುವ ಕ್ರಮವನ್ನು ಅವರು ಈ ಯೋಜನೆಯಲ್ಲಿ ವ್ಯಾಪಕವಾಗಿ ಬಳಸಿದರು.

ಆರಂಭಿಕ ಜೀವನ

ಸಿನ್ಸಿನಾಟಿಯ ಬಳಿ ಜನಿಸಿದ ಮಾರ್ಗನ್ ಬೆಳೆದದ್ದು ಮಿನ್ನೆಸೋಟಾದ ಸೇಂಟ್ ಕ್ಲೌಡ್ ಪಟ್ಟಣದಲ್ಲಿ. ಶಾಲೆ ಮುಗಿದ ಮೇಲೆ ಕೆಲವು ವರ್ಷ ಕೂಲಿ ಕೆಲಸ ಮಾಡುತ್ತ ಅಲೆದಾಡಿ, ಊರಿಗೆ ಮರಳಿ, ಸರ್ವೇಯರ್ ಆಗಿದ್ದ ತಂದೆಯ ಜೊತೆ ಭೂಮಾಪನ ಕಲಿತರು. ಎಂಜಿನಿಯರಿಂಗ್ ಪದವಿಯನ್ನು ಅವರು ಪಡೆಯಲೇ ಇಲ್ಲ. ೧೯೦೭ರಲ್ಲಿ ಕೇಂದ್ರ ಕೃಷಿ ಇಲಾಖೆಯನ್ನು ಸೇರಿ ಜೌಗು ಭೂಮಿಯ ನೀರನ್ನು ಬಸಿಯುವ ಕಾಮಗಾರಿಗಳಲ್ಲಿ ತೊಡಗಿದರು; ೧೯೧೦ರಲ್ಲಿ ಮೆಂಫಿಸ್ ನಗರದಲ್ಲಿ ಸ್ವಂತ ಸಂಸ್ಥೆ ಆರಂಭಿಸಿದರು.

೧೯೧೩ರ ನೆರೆ ಮತ್ತು ಮಯಾಮಿ ಯೋಜನೆ

೧೯೧೩ರ ಮಾರ್ಚ್ ಕೊನೆಯ ವಾರದ ಸತತ ಮಳೆಯಿಂದ ಗ್ರೇಟ್ ಮಯಾಮಿ ನದಿ ಉಕ್ಕಿ ಡೇಟನ್ ನಗರ ಮುಳುಗಿತು. ಕಣಿವೆಯಲ್ಲಿ ೩೬೦ಕ್ಕೂ ಹೆಚ್ಚು ಜನ ಮೃತಪಟ್ಟರು. ಡೇಟನ್ ಬಳಿ ಗರಿಷ್ಠ ಹರಿವು ಸುಮಾರು ೨,೫೦,೦೦೦ ಕ್ಯೂಸೆಕ್ ಎಂದು ಅಂದಾಜಿಸಲಾಯಿತು. ಇಂತಹ ವಿಪತ್ತು ಮರುಕಳಿಸಬಾರದೆಂದು ನಾಗರಿಕರು ೨೦ ಲಕ್ಷ ಡಾಲರಿಗೂ ಮಿಕ್ಕಿ ಚಂದಾ ಕೂಡಿಸಿ ಮಾರ್ಗನ್ ಅವರನ್ನು ನೇಮಿಸಿಕೊಂಡರು.

ಯೋಜನೆಯ ಮೂಲ ಪ್ರಶ್ನೆ ಅಣೆಕಟ್ಟಿನದಾಗಿರಲಿಲ್ಲ, ಅಳತೆಯದಾಗಿತ್ತು. ಕಂಡ ನೆರೆಯನ್ನಷ್ಟೇ ತಡೆಯುವಂತೆ ಕಟ್ಟಿದರೆ ಅದಕ್ಕಿಂತ ದೊಡ್ಡದೊಂದು ಬಂದಾಗ, ರಕ್ಷಣೆಯನ್ನು ನಂಬಿ ಕುಳಿತ ಊರಿಗೆ ಮೊದಲಿಗಿಂತ ಹೆಚ್ಚಿನ ಹಾನಿ. ಮಿತಿಯಿಲ್ಲದೆ ಹಿಗ್ಗಿಸಿದರೆ ಕಣಿವೆಯ ಭೂಮಾಲೀಕರು ಹೊರಲಾರದ ವೆಚ್ಚ. ಆ ಪ್ರದೇಶದ ನದಿ ಅಳತೆಗಳು ಕೆಲವೇ ದಶಕಗಳವು. ಆದುದರಿಂದ ಮಾರ್ಗನ್ ಎರಡು ದಿಕ್ಕಿನಿಂದ ಮಾಹಿತಿ ಸಂಗ್ರಹಿಸಿದರು. ಪೂರ್ವ ಅಮೆರಿಕದಲ್ಲಿ ಸಂಭವಿಸಿದ್ದ ನೂರಕ್ಕೂ ಹೆಚ್ಚು ಭಾರಿ ಮಳೆಗಳನ್ನು ಅವರ ತಂಡ ನಕ್ಷೆಗಿಳಿಸಿ, ಎಷ್ಟು ವಿಸ್ತಾರದ ಮೇಲೆ ಎಷ್ಟು ಅಂಗುಲ ಸುರಿದಿತ್ತೆಂದು ಲೆಕ್ಕಹಾಕಿತು. ಇದು ೧೯೧೭ರಲ್ಲಿ ಪ್ರಕಟವಾಯಿತು. ಇನ್ನೊಂದು ಕಡೆ, ದೀರ್ಘ ದಾಖಲೆಯಿರುವ ಯುರೋಪಿನ ನದಿಗಳ ಇತಿಹಾಸವನ್ನು ಪರಿಶೀಲಿಸಲಾಯಿತು. ವಿಯೆನ್ನಾ ಬಳಿಯ ಡ್ಯಾನ್ಯೂಬ್ ನದಿಯ ಅತಿ ದೊಡ್ಡ ನೆರೆ ೧೫೦೧ರದು. ಪ್ಯಾರಿಸ್ಸಿನ ಸೇನ್ ನದಿ ೧೬೫೮ರಲ್ಲಿ ಏರಿದ ಮಟ್ಟಕ್ಕೂ ೧೯೧೦ರಲ್ಲಿ ಏರಿದ ಮಟ್ಟಕ್ಕೂ ಇರುವ ಅಂತರ ಅರ್ಧ ಮೀಟರಿಗಿಂತ ಕಡಿಮೆ. ಹಳೆಯ ಗುರುತುಗಳು ನೀರಿನ ಮಟ್ಟವನ್ನು ಹೇಳುತ್ತವೆಯೇ ಹೊರತು ಹರಿವಿನ ಪ್ರಮಾಣವನ್ನಲ್ಲ. ಸೇತುವೆ, ದಂಡೆಗಳು ಬದಲಾದಂತೆ ಮಟ್ಟದ ಅರ್ಥವೂ ಬದಲಾಗುವುದರಿಂದ ಇಂತಹ ಹೋಲಿಕೆಯಲ್ಲಿ ಎಚ್ಚರ ಅಗತ್ಯ. ಆದರೂ, ಶತಮಾನಗಳ ಅತಿ ದೊಡ್ಡ ನೆರೆಯು ಇತರ ಮಹಾನೆರೆಗಳನ್ನು ಮೀರುವುದು ಸ್ವಲ್ಪ ಭಾಗದಷ್ಟೇ, ಹಲವು ಪಟ್ಟು ಅಲ್ಲ ಎಂಬುದು ಸ್ಪಷ್ಟವಾಯಿತು.

೧೯೧೩ರ ನೆರೆಯನ್ನು ಆ ಸಾಲಿನ ಮಹಾನೆರೆಗಳಲ್ಲಿ ಒಂದೆಂದು ಪರಿಗಣಿಸಿ, ಅದಕ್ಕಿಂತ ಸುಮಾರು ಶೇಕಡ ೪೦ರಷ್ಟು ಹೆಚ್ಚಿನ ನೆರೆಗೆ ಯೋಜನೆ ರೂಪಿಸಲಾಯಿತು. ಆ ಹೆಚ್ಚಳದ ಒಂದು ಭಾಗ ಮುಂದೆ ಬರಬಹುದಾದ ದೊಡ್ಡ ನೆರೆಗಾಗಿ. ಉಳಿದದ್ದು ತಿಳಿಯದ ಸಂಗತಿಗಳಿಗಾಗಿ ಬಿಟ್ಟ ಅವಕಾಶ.

೧೯೧೪ರಲ್ಲಿ ಒಹಾಯೊ ಶಾಸನಸಭೆಯು ಇದಕ್ಕೆ ಬೇಕಾದ ಕಾನೂನನ್ನು ಅಂಗೀಕರಿಸಿತು. ನಗರಗಳನ್ನು ಉಳಿಸಲು ತಮ್ಮ ಹೊಲಗಳಲ್ಲಿ ನೀರು ನಿಲ್ಲಿಸುವುದನ್ನು ಮೇಲ್ಭಾಗದ ರೈತರು ತೀವ್ರವಾಗಿ ವಿರೋಧಿಸಿದರು. ಆಸ್‌ಬರ್ನ್ ಎಂಬ ಊರನ್ನು ಮನೆಗಳ ಸಮೇತ ಬೇರೆಡೆಗೆ ಸಾಗಿಸಬೇಕಾಯಿತು. ೧೯೧೮ರಿಂದ ೧೯೨೨ರ ಅವಧಿಯಲ್ಲಿ ಜರ್ಮನ್‌ಟೌನ್, ಇಂಗಲ್‌ವುಡ್, ಲಾಕಿಂಗ್ಟನ್, ಟೇಲರ್ಸ್‌ವಿಲ್ ಮತ್ತು ಹಫ್‌ಮನ್ ಎಂಬ ಐದು ಮಣ್ಣಿನ ಅಣೆಕಟ್ಟುಗಳು ನಿರ್ಮಾಣವಾದವು. ಇವುಗಳ ಹಿಂದೆ ಸಾಮಾನ್ಯ ದಿನಗಳಲ್ಲಿ ನೀರು ನಿಲ್ಲುವುದಿಲ್ಲ. ತೂಬುಗಳಿಗೆ ಗೇಟುಗಳಿಲ್ಲ, ಕೆಳಗಿನ ನದಿಪಾತ್ರ ತಾಳುವಷ್ಟು ನೀರು ತಾನಾಗಿ ಹರಿದುಹೋಗಿ, ಮಿಕ್ಕದ್ದು ಕೆಲವು ದಿನ ಹಿಂದೆ ನಿಲ್ಲುತ್ತದೆ. ಉಳಿದ ಕಾಲದಲ್ಲಿ ಅಲ್ಲಿ ಬೇಸಾಯ ನಡೆಯುತ್ತದೆ. ವಿದ್ಯುತ್ತಿಗಾಗಲಿ ನೀರಿನ ಸಂಗ್ರಹಕ್ಕಾಗಲಿ ಬಳಸಿದರೆ ಕೆಳಗಿನ ನಗರಗಳಿಗೆ ಅಪಾಯವೆಂಬ ಎಚ್ಚರಿಕೆಯನ್ನು ಅಣೆಕಟ್ಟುಗಳ ಫಲಕದಲ್ಲಿಯೇ ಕೆತ್ತಿಸಲಾಗಿದೆ. ೧೯೧೩ರದನ್ನು ಮೀರಿಸುವ ನೆರೆ ಆ ಕಣಿವೆಯಲ್ಲಿ ಇದುವರೆಗೆ ಬಂದಿಲ್ಲ.

ನಂತರದ ಜೀವನ

೧೯೨೦ರಿಂದ ೧೯೩೬ರವರೆಗೆ ಆಂಟಿಯಾಕ್ ಕಾಲೇಜಿನ ಅಧ್ಯಕ್ಷರಾಗಿ ಓದು ಮತ್ತು ದುಡಿಮೆಯನ್ನು ಬೆಸೆಯುವ ಶಿಕ್ಷಣಕ್ರಮವನ್ನು ರೂಢಿಗೆ ತಂದರು. ೧೯೩೩ರಲ್ಲಿ ರೂಸ್‌ವೆಲ್ಟ್ ಅವರನ್ನು ಟೆನೆಸೀ ಕಣಿವೆ ಪ್ರಾಧಿಕಾರಕ್ಕೆ ನೇಮಿಸಿದರು. ಮಯಾಮಿಯಲ್ಲಿ ವಿದ್ಯುತ್ತನ್ನು ದೂರವಿಟ್ಟ ಮಾರ್ಗನ್ ಇಲ್ಲಿ ವಿದ್ಯುತ್, ನೌಕಾಯಾನ, ನೆರೆ ನಿಯಂತ್ರಣ ಮೂರಕ್ಕೂ ಒದಗುವ ಅಣೆಕಟ್ಟುಗಳನ್ನು ಕಟ್ಟಿಸಬೇಕಾಯಿತು. ಸಹನಿರ್ದೇಶಕರೊಂದಿಗಿನ, ಮುಖ್ಯವಾಗಿ ಡೇವಿಡ್ ಲಿಲಿಯೆಂಥಾಲ್ ಅವರೊಂದಿಗಿನ ವಿವಾದದ ಬಳಿಕ ೧೯೩೮ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಹುದ್ದೆಯಿಂದ ತೆಗೆದರು.

ಸರ್ವಪಲ್ಲಿ ರಾಧಾಕೃಷ್ಣನ್ ನೇತೃತ್ವದ ಭಾರತದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಲ್ಲಿ (೧೯೪೮–೪೯) ಮಾರ್ಗನ್ ಸದಸ್ಯರಾಗಿದ್ದರು. ಗ್ರಾಮೀಣ ವಿಶ್ವವಿದ್ಯಾಲಯಗಳ ಕುರಿತ ಶಿಫಾರಸುಗಳಲ್ಲಿ ಅವರ ಪಾತ್ರ ಹಿರಿದು.

ಇಳಿವಯಸ್ಸಿನಲ್ಲಿ ಅವರು ಸೆನೆಕಾ ಬುಡಕಟ್ಟಿನ ಭೂಮಿಯನ್ನು ಮುಳುಗಿಸಲಿದ್ದ ಕಿನ್ಜುವಾ ಅಣೆಕಟ್ಟಿಗೆ ಬದಲಿ ಯೋಜನೆಯೊಂದನ್ನು ಮುಂದಿಟ್ಟರು. ಸರ್ಕಾರ ಅದನ್ನು ಒಪ್ಪಲಿಲ್ಲ, ಅಣೆಕಟ್ಟು ೧೯೬೫ರಲ್ಲಿ ಪೂರ್ಣಗೊಂಡಿತು. ಸೇನೆಯ ಎಂಜಿನಿಯರಿಂಗ್ ವಿಭಾಗದ ಕಾಮಗಾರಿಗಳನ್ನು ಕಟುವಾಗಿ ವಿಮರ್ಶಿಸುವ ಅವರ ಪುಸ್ತಕ ೧೯೭೧ರಲ್ಲಿ ಹೊರಬಂತು. ೧೯೭೫ರಲ್ಲಿ, ತಮ್ಮ ೯೭ನೆಯ ವಯಸ್ಸಿನಲ್ಲಿ, ಒಹಾಯೊದ ಝೀನಿಯಾದಲ್ಲಿ ನಿಧನರಾದರು.