ಸೋತ ಮೇಲೂ ಬದುಕಿದವರು: ಪ್ರೇಮಚಂದ್ ರಾಯಚಂದ್

ಷೇರು ವ್ಯವಹಾರ ಎಂದರೆ ಮುಂಬಯಿಯ ಸೇಠರ ಮಾತು ಎಂದು ನಮ್ಮ ಹಿರಿಯರು ತಿಳಿದಿದ್ದರು. ಈಗ ಹಾಗಿಲ್ಲ. ಬೆಳಗಾವಿಯ ಕ್ಯಾಂಪಿನಿಂದ ಹಿಡಿದು ಖಾನಾಪುರ ತಾಲೂಕಿನ ಹಳ್ಳಿಯವರೆಗೆ, ಮೊಬೈಲ್ ಇದ್ದವರ ಅಂಗೈಯಲ್ಲೇ ಷೇರುಪೇಟೆ ಇದೆ. ನಿವೃತ್ತಿಯ ದಿನ ಬಂದ ಭವಿಷ್ಯನಿಧಿ, ಗೋವೆಯಲ್ಲೋ ಕೊಲ್ಲಿ ದೇಶದಲ್ಲೋ ದುಡಿದು ಉಳಿಸಿದ ಹಣ, ಮಗಳ ಮದುವೆಗೆಂದು ಕೂಡಿಟ್ಟ ಗಂಟು, ಎಲ್ಲವೂ ಅಲ್ಲಿಗೆ ಹೋಗುವುದುಂಟು. ಪೇಟೆ ಏರುವಾಗ ಮನೆಯಲ್ಲಿ ನಗು. ಬಿದ್ದಾಗ ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳುವುದಿಲ್ಲ, ಮಗ ತಂದೆಗೆ ಹೇಳುವುದಿಲ್ಲ. ಹಣ ಹೋದ ನೋವಿಗಿಂತ ಈ ಮೌನವೇ ಮನೆಯನ್ನು ಹೆಚ್ಚು ಸುಡುತ್ತದೆ.

1992ರಲ್ಲಿ ಹರ್ಷದ್ ಮೆಹ್ತಾ ಹಗರಣ ಬಯಲಾದಾಗ ದೇಶದ ಎಷ್ಟೋ ಸಾಮಾನ್ಯ ಕುಟುಂಬಗಳು ಕೈ ಸುಟ್ಟುಕೊಂಡವು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಇಳಿಯಿತು. ಕೊರೊನಾ ಕಾಲದ 2020ರ ಮಾರ್ಚ್ 23ರಂದು ಒಂದೇ ದಿನದಲ್ಲಿ 3,934 ಅಂಶ ಬಿದ್ದಿತು. ಆದರೆ ಇವೆಲ್ಲಕ್ಕಿಂತ ಬಹಳ ಹಿಂದೆ, 1865ರಲ್ಲಿಯೇ, ಮುಂಬಯಿ ಇಂಥದೊಂದು ಮಹಾಕುಸಿತವನ್ನು ಕಂಡಿತ್ತು. ಅದರ ನಟ್ಟನಡುವೆ ನಿಂತಿದ್ದವರು ಪ್ರೇಮಚಂದ್ ರಾಯಚಂದ್. ಅವರು ಕ್ರೈಸ್ತರಲ್ಲ, ಜೈನ ಮನೆತನದವರು. ಆದರೂ ಅವರ ಬಾಳಿನಿಂದ ನಾವು ಕಲಿಯಬೇಕಾದದ್ದಿದೆ. ಒಳ್ಳೆಯದು ಯಾರಲ್ಲಿ ಕಂಡರೂ ಅದರ ಮೂಲ ದೇವರೇ ಅಲ್ಲವೇ?

ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ವರ್ಷ 1831. ಅದೇ ವರ್ಷ ದೂರದ ಸೂರತ್ತಿನಲ್ಲಿ ಪ್ರೇಮಚಂದರು ಹುಟ್ಟಿದರು. ತಂದೆ ರಾಯಚಂದರು ವ್ಯಾಪಾರಿ, ತಾಯಿ ರಾಜಾಬಾಯಿ. ಕುಟುಂಬ ಬದುಕನ್ನು ಅರಸಿ ಮುಂಬಯಿಗೆ ಬಂದಿತು. ಹುಡುಗ ಅಲ್ಲಿ ಇಂಗ್ಲಿಷ್ ಕಲಿತು, ಇನ್ನೂ ಹರೆಯದಲ್ಲಿರುವಾಗಲೇ ಒಬ್ಬ ದಲ್ಲಾಳಿಯ ಕೈಕೆಳಗೆ ಕೆಲಸಕ್ಕೆ ಸೇರಿದನು. ಆಗ ಷೇರುಪೇಟೆಗೆ ಕಟ್ಟಡವಿರಲಿಲ್ಲ. ಟೌನ್ ಹಾಲಿನ ಮುಂದಿನ ಆಲದ ಮರದ ನೆರಳಿನಲ್ಲಿ ಕೆಲವೇ ದಲ್ಲಾಳಿಗಳು ನಿಂತು ವ್ಯವಹಾರ ಮಾಡುತ್ತಿದ್ದರು. ಇಂಗ್ಲಿಷ್ ಓದು ಬರಹ ಬಲ್ಲ ಮೊದಲ ಭಾರತೀಯ ದಲ್ಲಾಳಿ ಎಂದು ಪ್ರೇಮಚಂದರಿಗೆ ಹೆಸರು ಬಂದಿತು. ಚುರುಕು ಬುದ್ಧಿ, ತಪ್ಪದ ಲೆಕ್ಕ, ನಂಬಿಕೆ ಹುಟ್ಟಿಸುವ ಮಾತು. ಮೂವತ್ತು ತುಂಬುವುದರೊಳಗೆ ಅವರು ನಗರದ ದೊಡ್ಡ ವ್ಯಾಪಾರಿಗಳ ಸಾಲಿಗೆ ಸೇರಿದ್ದರು.

1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತುಹೋಯಿತು. ಮ್ಯಾಂಚೆಸ್ಟರಿನ ಮಾಲೀಕರು ಭಾರತದ ಹತ್ತಿಗಾಗಿ ಬಾಯಿಬಿಟ್ಟರು. ಇಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಳಗಾವಿ ಧಾರವಾಡಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ಸವದತ್ತಿ, ಬೈಲಹೊಂಗಲ, ಹುಬ್ಬಳ್ಳಿ, ಗದಗಿನ ಎರೆಭೂಮಿಯಲ್ಲಿ ಬೆಳೆದ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೂ, ಬೆಳಗಾವಿಯ ಕಡೆಯಿಂದ ರಾಮಘಾಟಿನ ದಾರಿಯಲ್ಲಿ ವೆಂಗುರ್ಲೆಗೂ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಈ ಹತ್ತಿಯ ಸಾಗಣೆಗೆ ಕಾರವಾರದ ಬಂದರನ್ನು ಬೆಳೆಸಬೇಕೆಂದೇ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಲಾಯಿತು. ರೈತನಿಗೆ ಹಿಂದೆಂದೂ ಕಾಣದ ಬೆಲೆ ಸಿಕ್ಕಿತು. ಮುಂಬಯಿಗೆ ಹಣದ ಹೊಳೆಯೇ ಹರಿದು ಬಂದಿತು.

ಸುಲಭವಾಗಿ ಬಂದ ಹಣ ಸುಮ್ಮನಿರಲಿಲ್ಲ. ದಿನಕ್ಕೊಂದು ಹೊಸ ಬ್ಯಾಂಕು, ದಿನಕ್ಕೊಂದು ಹೊಸ ಕಂಪನಿ ಹುಟ್ಟಿತು. ಸಮುದ್ರವನ್ನು ಹೂಳಿ ಭೂಮಿ ಮಾಡುವೆನೆಂದು ಹೊರಟ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿ ಷೇರು ಸುಮಾರು 50,000 ರೂಪಾಯಿಗೆ ಏರಿತು. ಭೂಮಿ ಇನ್ನೂ ನೀರಿನೊಳಗೇ ಇತ್ತು! ಗುಮಾಸ್ತರು, ಅಂಗಡಿಯವರು, ಅಧಿಕಾರಿಗಳು, ಎಲ್ಲರೂ ಈ ಹುಚ್ಚಿಗೆ ಬಿದ್ದರು. ಯಾವ ಕಂಪನಿಯ ಷೇರು ಯಾರಿಗೆ ಸಿಗಬೇಕು ಎಂಬುದು ಪ್ರೇಮಚಂದರ ಒಂದು ಚೀಟಿಯ ಮೇಲೆ ನಿಂತಿತ್ತು. ಬೆಳಿಗ್ಗೆ ಅವರ ಮನೆಯ ಬಾಗಿಲಲ್ಲಿ ಜನರ ಸಾಲು.

1865ರ ಏಪ್ರಿಲಿನಲ್ಲಿ ಅಮೇರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಷೇರುಗಳಲ್ಲಿ ಬಹುಪಾಲು ವ್ಯವಹಾರ ನಡೆದಿದ್ದು ವಾಯಿದೆಯ ಮೇಲೆ. ಇಂದು ಬೆಲೆ ಮಾತಾಡಿ, ಜುಲೈ 1ರಂದು ಹಣ ಕೊಡುವ ಕರಾರು. ಆ ದಿನ ಬಂದಾಗ ಕೊಡಲು ಯಾರ ಬಳಿಯೂ ಹಣವಿರಲಿಲ್ಲ. ಒಬ್ಬನು ಬಿದ್ದಾಗ ಅವನನ್ನು ನಂಬಿದ ಹತ್ತು ಜನರು ಬಿದ್ದರು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರನ್ನು 87 ರೂಪಾಯಿಗೆ ಮಾರಬೇಕಾಯಿತು. ಹೊಸ ಕಂಪನಿಗಳಲ್ಲಿ ಉಳಿದದ್ದು ಬಹಳ ಕಡಿಮೆ. ಪ್ರೇಮಚಂದರೂ ದಿವಾಳಿಯಾದರು. ಆಗ ಅವರ ವಯಸ್ಸು ಮೂವತ್ತನಾಲ್ಕರ ಆಸುಪಾಸು.

ಅವರನ್ನು ನಿರ್ದೋಷಿ ಎಂದು ಹೊಗಳುವುದು ಸರಿಯಲ್ಲ. ಬ್ಯಾಂಕ್ ಆಫ್ ಬಾಂಬೆ ಸಾಕಷ್ಟು ಭದ್ರತೆ ಇಲ್ಲದೆ ದೊಡ್ಡ ಸಾಲಗಳನ್ನು ಕೊಟ್ಟಿತ್ತು. ಅವುಗಳಲ್ಲಿ ಎಷ್ಟೋ ಅವರ ಮಾತಿನ ಮೇಲೆಯೇ ಕೊಟ್ಟವು. 1868ರಲ್ಲಿ ಆ ಬ್ಯಾಂಕು ಮುಚ್ಚಿತು, ಸರ್ಕಾರ ವಿಚಾರಣಾ ಆಯೋಗ ನೇಮಿಸಿತು, ಅವರ ಹೆಸರು ಅದರಲ್ಲಿ ಬಂದಿತು. ತನ್ನ ಹಣ ಕಳೆದುಕೊಳ್ಳುವುದು ದುಃಖದ ಸಂಗತಿ. ಇತರರು ನಂಬಿ ಇಟ್ಟ ಹಣವನ್ನು ಜೂಜಿಗೆ ಒಡ್ಡುವುದು ಅದಕ್ಕಿಂತ ಭಾರವಾದದ್ದು. ಈ ಎರಡರ ವ್ಯತ್ಯಾಸವನ್ನು ನಾವು ಮರೆಯಬಾರದು.

ಆದರೆ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕುಸಿತಕ್ಕೆ ಒಂದು ವರ್ಷ ಮೊದಲು, 1864ರಲ್ಲಿ, ಅವರು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಲಕ್ಷ ರೂಪಾಯಿ, ತಾಯಿಯ ಹೆಸರಿನಲ್ಲಿ ಒಂದು ಗಡಿಯಾರ ಗೋಪುರಕ್ಕೆ ಮತ್ತೆ ಎರಡು ಲಕ್ಷ ರೂಪಾಯಿ ಕೊಟ್ಟಿದ್ದರು. ಅವರು ಬಿದ್ದ ಮೇಲೆ, ಆ ಹಣದಿಂದ ಗೋಪುರ ಮೇಲೇಳತೊಡಗಿತು. 1878ರಲ್ಲಿ ಪೂರ್ಣಗೊಂಡ ಆ ರಾಜಾಬಾಯಿ ಗೋಪುರ, ಸುಮಾರು 280 ಅಡಿ ಎತ್ತರ, ಇಂದಿಗೂ ಓವಲ್ ಮೈದಾನದ ಎದುರು ನಿಂತಿದೆ. ಕಣ್ಣು ಕಾಣದ ತಾಯಿ ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವ ಜೈನ ನೇಮವನ್ನು ಗಂಟೆಯ ಸದ್ದು ಕೇಳಿ ಪಾಲಿಸಲಿ ಎಂದು ಮಗ ಅದನ್ನು ಕಟ್ಟಿಸಿದನೆಂದು ಜನ ಹೇಳುತ್ತಾರೆ. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡಗಳಲ್ಲಿ ಅದೂ ಒಂದು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ಹಣದ ವಿದ್ಯಾರ್ಥಿವೇತನದಿಂದ ಅಶುತೋಷ್ ಮುಖರ್ಜಿ, ಇತಿಹಾಸಕಾರ ಜದುನಾಥ್ ಸರ್ಕಾರ್ ಅವರಂಥವರು ಮುಂದೆ ಬಂದರು.

ಈ ದಾನದ ನೆರಳು ನಮ್ಮ ಊರಿಗೂ ಬಿದ್ದಿದೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ನಮ್ಮ ಭಾಗದ ಉನ್ನತ ವಿದ್ಯೆ ಮುಂಬಯಿ ವಿಶ್ವವಿದ್ಯಾಲಯದ್ದೇ. 1856ರಲ್ಲಿ ಆರಂಭವಾದ ಬೆಳಗಾವಿಯ ಸೇಂಟ್ ಪಾಲ್ಸ್ ಶಾಲೆಯ ಹುಡುಗರು ಮೆಟ್ರಿಕ್ ಕಟ್ಟಿದ್ದು, 1933ರಲ್ಲಿ ತೆರೆದ ಲಿಂಗರಾಜ ಕಾಲೇಜಿನವರು ಪದವಿ ಪಡೆದದ್ದು ಅದರ ಹೆಸರಿನಲ್ಲಿಯೇ. ಪ್ರೇಮಚಂದರು ತಮಗಾಗಿ ಇಟ್ಟುಕೊಂಡ ಕೋಟಿಗಳು 1865ರಲ್ಲಿ ಕರಗಿದವು. ಇತರರಿಗೆಂದು ಕೈಬಿಟ್ಟ ಲಕ್ಷಗಳು ಮಾತ್ರ ಉಳಿದವು. ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ, ದೊಡ್ಡ ಕಣಜ ಕಟ್ಟಲು ಯೋಚಿಸುತ್ತಲೇ ಆ ರಾತ್ರಿ ಪ್ರಾಣ ಕಳೆದುಕೊಂಡ ಶ್ರೀಮಂತನ ಸಾಮತಿ ಇಲ್ಲಿ ನೆನಪಾಗುತ್ತದೆ.

ಇನ್ನೂ ಒಂದು ವಿಷಯ. ದಿವಾಳಿಯಾದ ಪ್ರೇಮಚಂದರು ಊರು ಬಿಟ್ಟು ಓಡಲಿಲ್ಲ. ತಮ್ಮನ್ನು ಬಲ್ಲ ಅದೇ ಪೇಟೆಯಲ್ಲಿ, ಅದೇ ದಲ್ಲಾಳಿ ಕೆಲಸಕ್ಕೆ ಮತ್ತೆ ಕೈ ಹಾಕಿದರು. ಕೋಟಿಗಳ ವೈಭವ ಹಿಂದಿರುಗಲಿಲ್ಲ. ಬದುಕು ಹಿಂದಿರುಗಿತು. 1875ರಲ್ಲಿ ಮುಂಬಯಿಯ ದಲ್ಲಾಳಿಗಳು ಒಂದು ರೂಪಾಯಿ ಪ್ರವೇಶ ಶುಲ್ಕ ಕೊಟ್ಟು ತಮ್ಮದೇ ಸಂಘ ಕಟ್ಟಿಕೊಂಡರು. ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. 1906ರಲ್ಲಿ ಅವರು ತೀರಿಕೊಂಡರು. ಕುಸಿತದ ನಂತರ ನಲವತ್ತೊಂದು ವರ್ಷ ಬಾಳಿದರು. 1865ರ ಆ ಜುಲೈಯಲ್ಲಿ ಎಲ್ಲ ಮುಗಿಯಿತು ಎಂದುಕೊಂಡಿದ್ದರೆ ಈ ನಲವತ್ತೊಂದು ವರ್ಷಗಳು ಎಲ್ಲಿಂದ ಬರುತ್ತಿದ್ದವು? ಬೈಕಲ್ಲಾದಲ್ಲಿದ್ದ ಅವರ ಬಂಗಲೆ ಮುಂದೆ ನಮ್ಮ ಕನ್ಯಾಸ್ತ್ರೀಯರ ರೆಜಿನಾ ಪಾಚಿಸ್ ಕಾನ್ವೆಂಟಾಯಿತು. ಷೇರಿನ ಚೀಟಿಗಾಗಿ ಜನ ಕಾದ ಮನೆತನದ ಅಂಗಳದಲ್ಲಿ ಅನಾಥ ಹೆಣ್ಣುಮಕ್ಕಳು ಅಕ್ಷರ ಕಲಿತರು.

ಧರ್ಮಸಭೆಯಲ್ಲಿಯೂ ಇಂಥ ನಷ್ಟ ಕಂಡವರಿದ್ದಾರೆ. ಪ್ರತಿ ಅಕ್ಟೋಬರಿನಲ್ಲಿ ಮಿಷನ್ ಭಾನುವಾರದಂದು ನಾವು ಕಾಣಿಕೆ ಕೊಡುತ್ತೇವಲ್ಲ, ಅದರ ಹಿಂದಿರುವ ಧರ್ಮಪ್ರಸಾರ ಸಂಸ್ಥೆಗೆ 1822ರಲ್ಲಿ ಬುನಾದಿ ಹಾಕಿದವರು ಫ್ರಾನ್ಸಿನ ಪೌಲಿನ್ ಜಾರಿಕೋ. ಕೂಲಿಕಾರರಿಗೆ ಒಳ್ಳೆಯ ಬದುಕು ಕೊಡಬೇಕೆಂದು ಅವರು ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಹಣ ಹಾಕಿ, ನಂಬಿದವರಿಂದ ಮೋಸಹೋದರು. ಉಳಿದ ಆಯುಷ್ಯವನ್ನು ಸಾಲ ತೀರಿಸುವುದರಲ್ಲಿಯೇ ಸವೆಸಿ 1862ರಲ್ಲಿ ಬಡವಿಯಾಗಿ ಕಣ್ಮುಚ್ಚಿದರು. 2022ರಲ್ಲಿ ಧರ್ಮಸಭೆ ಅವರನ್ನು ಪುನೀತೆ ಎಂದು ಘೋಷಿಸಿತು. ಹಣ ಕಳೆದುಕೊಂಡವರನ್ನು ದೇವರು ಕೈಬಿಟ್ಟಿದ್ದಾನೆ ಎಂದು ಯಾರೂ ಹೇಳದಿರಲಿ.

ಬಂಧುಗಳೇ, ನಿಮ್ಮ ಮನೆಯಲ್ಲಿ ಇಂಥ ನಷ್ಟವಾಗಿದ್ದರೆ ಮೊದಲು ಮೌನ ಮುರಿಯಿರಿ. ಇಂದು ರಾತ್ರಿ ಜಪಸರದ ನಂತರ ಗಂಡ ಹೆಂಡತಿ ಕುಳಿತು ಎಷ್ಟು ಹೋಯಿತು, ಎಷ್ಟು ಉಳಿಯಿತು, ಯಾರಿಗೆ ಎಷ್ಟು ಕೊಡಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲು ಸಾಲ, ಆಮೇಲೆ ಉಳಿದದ್ದು. ಹೋದದ್ದನ್ನು ಮರಳಿ ಪಡೆಯಲು ಹೆಂಡತಿಯ ಬಂಗಾರ ಅಡವಿಡಬೇಡಿ, ಹೊಸ ಸಾಲ ತೆಗೆಯಬೇಡಿ. 1865ರಲ್ಲಿ ಜನರನ್ನು ಮುಳುಗಿಸಿದ ವಾಯಿದೆ ವ್ಯಾಪಾರ ಇಂದು ಮೊಬೈಲಿನಲ್ಲಿ ಬೇರೆ ಹೆಸರಿನಿಂದ ನಡೆಯುತ್ತಿದೆ. ಅದಕ್ಕೆ ಇಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷಗಳಲ್ಲಿ ಹಣ ಕಳೆದುಕೊಂಡರು ಎಂದು ಸೆಬಿ 2024ರಲ್ಲಿ ಪ್ರಕಟಿಸಿತು. ಕುಟುಂಬದ ಅಗತ್ಯಕ್ಕೆ ಬೇಕಾದುದನ್ನು ಪಣಕ್ಕೆ ಒಡ್ಡುವ ಆಟವನ್ನು ಧರ್ಮಸಭೆಯ ಬೋಧನೆಯೂ ಒಪ್ಪುವುದಿಲ್ಲ.

ಇನ್ನು ನೆರೆಯವರಿಗೆ ಒಂದು ಮಾತು. ಸೋತವನನ್ನು ಚರ್ಚಿನ ಅಂಗಳದಲ್ಲಿ ಬೆರಳು ತೋರಿಸಿ ನಗಬೇಡಿ. ಅವನ ಮನೆಗೆ ಹೋಗಿ ಕುಳಿತು ಬನ್ನಿ. ಮನಸ್ಸು ತೀರಾ ಕುಗ್ಗಿ, ಬದುಕೇ ಬೇಡ ಎನಿಸಿದವರು ತಮ್ಮ ಧರ್ಮಕೇಂದ್ರದ ಗುರುಗಳಿಗೆ ಹೇಳಲಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲಿಯೇ, ಕರೆ ಮಾಡಲಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮಕ್ಕಳಿಗೆ ಬೇಕಾಗಿರುವುದು ತಂದೆಯ ಷೇರುಗಳಲ್ಲ, ತಂದೆ. ಬಡಗಿ ಜೋಸೆಫರು ನಜರೇತಿನ ಮನೆಯನ್ನು ದಿನದ ದುಡಿಮೆಯಿಂದ ನಡೆಸಿದರು. ಆ ಸಂತರು ನಷ್ಟದ ನೋವಿನಲ್ಲಿರುವ ನಮ್ಮ ಕುಟುಂಬಗಳಿಗಾಗಿ ಬಿನ್ನವಿಸಲಿ.