ಫೈಲಿನ ಮೊದಲ ಎರಡು ಅಕ್ಷರ

ಅಸೈನ್‌ಮೆಂಟನ್ನು ಜಿಪ್ ಮಾಡಿ ಕಳಿಸೋದು ನಮಗೆಲ್ಲ ದಿನನಿತ್ಯದ ಕೆಲಸ. ಬಿಡುವಿದ್ದಾಗ ಆ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ ಎರಡು ಬೈಟ್ ‘ಪಿ’ ಮತ್ತು ‘ಕೆ’ ಅಂತ ಕಾಣುತ್ತೆ. ಆಂಡ್ರಾಯ್ಡ್‌ನ ಎಪಿಕೆ, ಜಾವಾದ ಜಾರ್, ವರ್ಡ್‌ನ ಡಾಕ್‌ಎಕ್ಸ್ ತೆರೆದರೂ ಸಾಮಾನ್ಯವಾಗಿ ಅದೇ. ಯಾಕಂದ್ರೆ ಒಳಗೆ ಇವೆಲ್ಲ ಜಿಪ್ ಫೈಲುಗಳೇ. ಆ ಎರಡು ಅಕ್ಷರ ಒಬ್ಬ ಮನುಷ್ಯನ ಇನಿಷಿಯಲ್ಸ್: ಫಿಲ್ ಕಾಟ್ಜ್.

ಕಾಟ್ಜ್ ಹುಟ್ಟಿದ್ದು 1962ರಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ. ಅಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಅಲೆನ್-ಬ್ರಾಡ್ಲಿ ಕಂಪನಿಯಲ್ಲಿ ಪಿಎಲ್‌ಸಿಗಳಿಗೆ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದರು. ಮಾತು ಕಡಿಮೆ, ಕೋಡು ಜಾಸ್ತಿ.

ಆಗಿನ್ನೂ ವೆಬ್ ಇರಲಿಲ್ಲ. ಫೋನ್ ಲೈನಿಗೆ ಮೋಡೆಮ್ ಹಾಕಿ ಫೈಲ್ ಕಳಿಸಬೇಕಿತ್ತು. ಸೆಕೆಂಡಿಗೆ 2400 ಬಿಟ್ ವೇಗದಲ್ಲಿ ಬರೀ 100 ಕೆಬಿ ಹೋಗೋಕೆ ಐದು ನಿಮಿಷಕ್ಕೂ ಹೆಚ್ಚು ಬೇಕು. ಹಾಗಾಗಿ ಫೈಲು ಚಿಕ್ಕದಾದಷ್ಟೂ ಫೋನ್ ಬಿಲ್ಲೂ ಚಿಕ್ಕದು. ಈ ಕೆಲಸಕ್ಕೆ ಎಲ್ಲರೂ ಬಳಸುತ್ತಿದ್ದದ್ದು ಎಸ್‌ಇಎ ಎಂಬ ಪುಟ್ಟ ಕಂಪನಿಯ ‘ಆರ್ಕ್’. ಕಾಟ್ಜ್ ಅದೇ ಕೆಲಸ ಮಾಡುವ, ಅದಕ್ಕಿಂತ ಬಹಳ ವೇಗದ ‘ಪಿಕೆಆರ್ಕ್’ ತಯಾರಿಸಿ, 1986ರಲ್ಲಿ ಮನೆಯಿಂದಲೇ ಪಿಕೆವೇರ್ ಕಂಪನಿ ಶುರು ಮಾಡಿದರು. ಮಾರಾಟ ಶೇರ್‌ವೇರ್ ಪದ್ಧತಿಯಲ್ಲಿ: ಮೊದಲು ಬಳಸಿ ನೋಡಿ, ಹಿಡಿಸಿದರೆ ದುಡ್ಡು ಕಳಿಸಿ.

1988ರಲ್ಲಿ ಎಸ್‌ಇಎ ಕೇಸು ಹಾಕಿತು. ಎರಡೂ ಕೋಡುಗಳನ್ನು ಪರಿಣತರು ಹೋಲಿಸಿ ನೋಡಿದಾಗ ಕಾಮೆಂಟುಗಳು, ಅವುಗಳಲ್ಲಿದ್ದ ಕಾಗುಣಿತದ ತಪ್ಪುಗಳು ಸಹ ಒಂದೇ! ಕಾಪಿ ಹೊಡೆಯುವಾಗ ಗೆಳೆಯನ ತಪ್ಪನ್ನೂ ಸೇರಿಸಿ ಬರೆದು ಸಿಕ್ಕಿಬೀಳ್ತೀವಲ್ಲ, ಹಾಗೇ. ಆರ್ಕ್‌ನ ಸೋರ್ಸ್ ಕೋಡ್ ಓದಲು ಸಿಗುತ್ತಿತ್ತು ನಿಜ, ಆದರೆ ಅದರ ಹಕ್ಕು ಎಸ್‌ಇಎದ್ದೇ ಆಗಿತ್ತು. ಕೊನೆಗೆ ಕಾಟ್ಜ್ ದುಡ್ಡು ಕಟ್ಟಿ ರಾಜಿಯಾದರು. ಆರ್ಕ್‌ಗೆ ಹೊಂದುವ ಪ್ರೋಗ್ರಾಂ ಮಾರುವುದನ್ನೂ ನಿಲ್ಲಿಸಬೇಕಾಯಿತು. ಆದರೂ ಬಳಕೆದಾರರು ದೊಡ್ಡ ಕಂಪನಿಯೊಂದು ಬಡಪಾಯಿಯನ್ನು ತುಳಿಯಿತು ಅಂದುಕೊಂಡು ಎಸ್‌ಇಎಯನ್ನೇ ಬೈದರು. ಅದೂ ಒಂದು ಸಣ್ಣ ಕಂಪನಿಯೇ ಅನ್ನೋದು ಯಾರಿಗೂ ಬೇಕಿರಲಿಲ್ಲ.

ಕಾಟ್ಜ್ ಹೊಸ ಫಾರ್ಮ್ಯಾಟ್ ಹಿಡಿದು ಮತ್ತೆ ಬಂದರು. 1989ರಲ್ಲಿ ಪಿಕೆಜಿಪ್ ಹೊರಬಂತು. ಈ ಸಲ ಅವರು ಮಾಡಿದ ದೊಡ್ಡ ಕೆಲಸ ಬೇರೆಯೇ: ಜಿಪ್ ಫೈಲಿನ ಒಳರಚನೆಯನ್ನು ಪೂರ್ತಿ ಬರೆದು, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟರು. ಪ್ರೋಗ್ರಾಂ ಅವರದು, ಫಾರ್ಮ್ಯಾಟ್ ಎಲ್ಲರದು. 1993ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಡಿಫ್ಲೇಟ್ ಎಂಬ ವಿಧಾನ ಸೇರಿತು. ಅದು ನಾವು ಓದುವ ಎಲ್‌ಝಡ್77 ಮತ್ತು ಹಫ್‌ಮನ್ ಕೋಡಿಂಗ್ ಎರಡರ ಜೋಡಿ. ಆ ವಿವರಣೆ ಓದಿಕೊಂಡು ಬೇರೆಯವರು ಇನ್ಫೋ-ಜಿಪ್, ಜಿಜಿಪ್, ಜೆಡ್‌ಲಿಬ್‌ನಂಥ ಮುಕ್ತ ತಂತ್ರಾಂಶಗಳನ್ನು ಬರೆದರು. ಪಿಎನ್‌ಜಿ ಚಿತ್ರದೊಳಗೂ ಇರುವುದು ಡಿಫ್ಲೇಟೇ.

ಕಂಪನಿಗೆ ಹಣ ಬಂತು, ಕಾಟ್ಜ್‌ಗೆ ನೆಮ್ಮದಿ ಬರಲಿಲ್ಲ. ಕುಡಿತ ಹೆಚ್ಚಿತು, ಆಫೀಸಿಗೂ ಮನೆಗೂ ದೂರವಾದರು. 2000ದ ಏಪ್ರಿಲ್ 14ರಂದು ಮಿಲ್ವಾಕಿಯ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬರೇ ಸತ್ತು ಬಿದ್ದಿದ್ದರು. ವಯಸ್ಸು ಬರೀ 37. ಅಷ್ಟು ಜನ ಬಳಸುವ ತಂತ್ರಾಂಶ ಬರೆದವರನ್ನು ಹೇಗಿದ್ದೀರಿ ಅಂತ ಕೇಳೋಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಸ್ಟೆಲ್‌ನಲ್ಲಿ ಬಾಗಿಲು ಹಾಕಿಕೊಂಡು ಕೋಡ್ ಬರೆಯುವ ಗೆಳೆಯ ಇದ್ದರೆ ಒಮ್ಮೆ ಬಾಗಿಲು ತಟ್ಟಿ, ಚಹಾಕ್ಕೆ ಕರೆಯಿರಿ.

ಇನ್ನೊಂದು ಮಾತು. ಗಿಟ್‌ಹಬ್‌ನಲ್ಲಿ ಕಣ್ಣಿಗೆ ಕಂಡ ಕೋಡೆಲ್ಲ ನಮ್ಮದಲ್ಲ, ಎತ್ತಿಕೊಳ್ಳುವ ಮುಂಚೆ ಲೈಸೆನ್ಸ್ ಓದಬೇಕು. ಇದನ್ನು ಕಾಟ್ಜ್ ಕೋರ್ಟಿನಲ್ಲಿ ಕಲಿತರು. ಮನಸಾರೆ ಬಿಟ್ಟುಕೊಟ್ಟದ್ದು ಎಷ್ಟು ದೂರ ಹೋಗುತ್ತೆ ಅಂತ ತಿಳಿಯೋಕೆ ನಿಮ್ಮ ಮುಂದಿನ ಜಿಪ್ ಫೈಲನ್ನೇ ತೆರೆದು ನೋಡಿ.